‘ವಯಸ್ಸಾಯಿತಲ್ಲ’ ಎಂದು ಬಿಟ್ಟುಬಿಡುವ ಮುನ್ನ: ಮುದಿ ನಾಯಿಗಳ ಕುರಿತು ಓದುಗರ ಪ್ರಶ್ನೆಗಳು

ಈ ಸಲ ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲಿ ಮುದಿಯಾಗುತ್ತಿರುವ ನಾಯಿಗಳನ್ನು ಕುರಿತಾಗಿದ್ದುದರಿಂದ ಇಡೀ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಬಹುತೇಕ ಎಲ್ಲ ಪತ್ರಗಳಲ್ಲೂ ಎಲ್ಲೋ ಒಂದು ಕಡೆ ‘ಅದಕ್ಕೂ ವಯಸ್ಸಾಯಿತಲ್ಲ’ ಎಂಬ ಮಾತು ಇದೆ. ಉಡುಪಿ ಜಿಲ್ಲೆಯಲ್ಲಿ ಪಶುವೈದ್ಯನಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ ನಾನೂ ಆ ಮಾತನ್ನು ಆಡಿದ್ದೇನೆ. ಕೆಚ್ಚಲು ಬಾವು ಬಂದ ಹಸುವನ್ನು ನೋಡಲು ಒಂದು ಮನೆಗೆ ಹೋಗಿದ್ದಾಗ, ಹಟ್ಟಿಯ ಪಕ್ಕದಲ್ಲಿ ಮಲಗಿದ್ದ ಮುದಿ ನಾಯಿಯನ್ನು ತೋರಿಸಿ ಮನೆಯ ಅಮ್ಮ, ‘ಇದು ಸರಿಯಾಗಿ ತಿನ್ನುವುದೇ ಇಲ್ಲ’ ಎಂದರು. ನಾನು ಅದನ್ನು ಮುಟ್ಟಿ ಸಹ ನೋಡದೆ ವಯಸ್ಸಿನ ಕಾರಣ ಹೇಳಿ ಬಂದೆ. ತಿಂಗಳ ಬಳಿಕ ಅದೇ ಮನೆಗೆ ಮತ್ತೆ ಹೋದಾಗ ಅದರ ಕಣ್ಣಿನ ಕೆಳಗೆ ಬಾವು ಬಂದಿತ್ತು. ಬಾಯಿ ಬಿಡಿಸಿ ನೋಡಿದರೆ ಮೇಲಿನ ದವಡೆಹಲ್ಲಿನ ಬೇರು ಕೀವುಗಟ್ಟಿತ್ತು. ಹಲ್ಲು ಕಿತ್ತ ಮೇಲೆ ಆ ನಾಯಿ ಇನ್ನೂ ಎರಡು ವರ್ಷ ಚೆನ್ನಾಗಿ ತಿಂದುಂಡು ಬದುಕಿತು. ಆ ಒಂದು ತಿಂಗಳು ಅದು ಹಸಿದುಕೊಂಡೇ ನೋವು ತಿಂದದ್ದು ನನ್ನ ಉದಾಸೀನದಿಂದ ಎಂಬುದನ್ನು ನಾನು ಮರೆತಿಲ್ಲ. ಕೆಳಗಿನ ಉತ್ತರಗಳನ್ನು ಬರೆಯುವಾಗಲೂ ಆ ನಾಯಿ ನನ್ನ ಕಣ್ಣ ಮುಂದೆ ಇತ್ತು.

ಪ್ರಶ್ನೆ: ನಮ್ಮ ಸೀಸರ್‌ಗೆ ಹನ್ನೆರಡು ವರ್ಷ. ಲ್ಯಾಬ್ರಡಾರ್, ತೂಕ 38 ಕಿಲೋ. ಎರಡು ವರ್ಷದ ಹಿಂದೆ ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ನಯವಾದ ಟೈಲ್ಸ್ ಹಾಕಿಸಿದ್ದೇವೆ. ಈ ಮಳೆಗಾಲದಲ್ಲಿ ಅದು ಜಗಲಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದೆ; ಎದ್ದು ನಿಲ್ಲುವಾಗ ಹಿಂಗಾಲು ಜಾರುತ್ತದೆ. ಬೊಗಳುವ ದನಿಯೂ ಒಡೆದಂತಾಗಿದೆ. ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ, ಅದಕ್ಕೀಗ ಎಂಬತ್ತನಾಲ್ಕು, ಇನ್ನೇನು ಮಾಡಲಿಕ್ಕಾಗುತ್ತದೆ ಎನ್ನುತ್ತಾರೆ ತಂದೆಯವರು. ಅವರ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಕೊಡಬಹುದೇ? (ಓದುಗರೊಬ್ಬರು, ಕಟಪಾಡಿ)

ಉತ್ತರ: ಮೊದಲು ಮಾತ್ರೆಯ ವಿಷಯ: ದಯವಿಟ್ಟು ಕೊಡಬೇಡಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರಬಲ್ಲವು, ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಪ್ಯಾರಾಸಿಟಮಾಲ್‌ನ ಅಳತೆ ತಪ್ಪಿದರೆ ಯಕೃತ್ತಿಗೆ ಅಪಾಯ. ನಾಯಿಗಳಿಗೆ ಒಗ್ಗುವ ನೋವುನಿವಾರಕಗಳು ಬೇರೆಯೇ ಇವೆ. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂತಹ ಔಷಧಗಳನ್ನು ವೈದ್ಯರು ನಾಯಿಯ ತೂಕ ನೋಡಿ, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಮತ್ತು ಯಕೃತ್ತು ಸರಿಯಿವೆ ಎಂದು ಖಚಿತಪಡಿಸಿಕೊಂಡು ಕೊಡುತ್ತಾರೆ, ಮತ್ತು ದೀರ್ಘಕಾಲ ಕೊಡುವುದಾದರೆ ಆ ಪರೀಕ್ಷೆಯನ್ನು ನಡುನಡುವೆ ಮಾಡಿಸುತ್ತಾರೆ.

ತಂದೆಯವರ ಏಳರ ಮಗ್ಗಿ ಬಹಳ ಹಳೆಯದು. 2020ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 104 ಲ್ಯಾಬ್ರಡಾರ್‌ಗಳ ಡಿಎನ್‌ಎಯಲ್ಲಿ ವಯಸ್ಸಿನೊಂದಿಗೆ ಆಗುವ ರಾಸಾಯನಿಕ ಬದಲಾವಣೆಗಳನ್ನು ಮನುಷ್ಯರವುಗಳೊಂದಿಗೆ ಹೋಲಿಸಿ ನೋಡಿದಾಗ, ನಾಯಿ ಮೊದಲ ವರ್ಷದಲ್ಲೇ ನಮ್ಮ ಮೂವತ್ತರ ಹತ್ತಿರಕ್ಕೆ ಬಂದು, ಆಮೇಲೆ ನಿಧಾನವಾಗಿ ವಯಸ್ಸಾಗುತ್ತದೆ ಎಂದು ಕಂಡುಬಂತು. ಆ ಲೆಕ್ಕದಲ್ಲಿ ಸೀಸರ್‌ನ ವಯಸ್ಸು ಸುಮಾರು ಎಪ್ಪತ್ತು. ಎಪ್ಪತ್ತರ ಹಿರಿಯರು ಮಂಡಿನೋವು ಎಂದರೆ ನಾವು ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುತ್ತೇವೆ. ಸೀಸರ್‌ಗೂ ಅಷ್ಟು ಸಲ್ಲಬೇಕು.

ನಾಯಿಗೆ ನೋವಿದ್ದರೆ ಅದು ಅಳುತ್ತದೆ, ಕುಂಯ್‌ಗುಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಕೀಲಿನ ಸವೆತದ ನೋವು ಹಾಗೆ ಕಾಣಿಸಿಕೊಳ್ಳುವುದು ಅಪರೂಪ. ಬೆಳಿಗ್ಗೆ ಏಳಲು ತಡಮಾಡುವುದು, ಕಾರಿಗೆ ಹಾರಲು ಹಿಂಜರಿಯುವುದು, ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು, ತೊಡೆಯ ಮಾಂಸ ಕರಗಿ ಹಿಂಗಾಲು ಸಣಕಲಾಗುವುದು, ಮಕ್ಕಳು ಸೊಂಟ ಮುಟ್ಟಿದಾಗ ಹಿಂದೆಂದೂ ಇಲ್ಲದಂತೆ ಗುರ್ರೆನ್ನುವುದು, ಇವೆಲ್ಲ ನೋವಿನ ಗುರುತುಗಳು. ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಹೆದರಿಕೆಯಿಂದ ಎಲ್ಲವನ್ನೂ ಮರೆಮಾಚುವುದರಿಂದ, ಮನೆಯಲ್ಲಿ ಅದು ಏಳುವುದನ್ನೂ ನಡೆಯುವುದನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಒಡೆದ ದನಿಯ ಮಾತನ್ನು ನೀವು ಪತ್ರದಲ್ಲಿ ಸುಮ್ಮನೆ ಸೇರಿಸಿದಂತೆ ಕಂಡರೂ ನನಗೆ ಅದೇ ಮುಖ್ಯವಾಗಿ ತೋರಿತು. ಮುದಿ ಲ್ಯಾಬ್ರಡಾರ್‌ಗಳಲ್ಲಿ ನರಗಳು ಬಲಗುಂದುವ ಒಂದು ಕಾಯಿಲೆ ಇದೆ. ಅದರಲ್ಲಿ ಧ್ವನಿಪೆಟ್ಟಿಗೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ, ದನಿ ಗೊಗ್ಗರಾಗುತ್ತದೆ, ಉಸಿರು ಸದ್ದು ಮಾಡುತ್ತದೆ, ಜೊತೆಗೆ ಹಿಂಗಾಲುಗಳೂ ಸೋಲುತ್ತವೆ. ಸೀಸರ್‌ಗೆ ಅದೇ ಆಗಿದೆ ಎಂದು ಪತ್ರ ಓದಿ ಹೇಳಲಾರೆ. ಆದರೆ ವೈದ್ಯರಿಗೆ ಇದನ್ನು ಮೊದಲೇ ತಿಳಿಸಿ. ನಾಯಿ ತನ್ನ ಮೈಯ ಬಿಸಿಯನ್ನು ಮುಖ್ಯವಾಗಿ ಏದುಸಿರಿನಿಂದಲೇ ಹೊರಹಾಕುತ್ತದೆ, ಮತ್ತು ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಆ ಕೆಲಸ ಮೊದಲೇ ಕಷ್ಟ. ಗಂಟಲಿನ ದಾರಿಯೂ ಕಿರಿದಾಗಿದ್ದರೆ ಏಪ್ರಿಲ್‌, ಮೇ ತಿಂಗಳ ಸೆಕೆಯಲ್ಲಿ ಹತ್ತು ನಿಮಿಷದ ನಡಿಗೆಯೂ ಪ್ರಾಣಕ್ಕೆ ಬರಬಹುದು. ಕತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಬೆಲ್ಟನ್ನು ಬಳಸಿ.

ತೂಕದ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. 38 ಕಿಲೋ ಹೆಚ್ಚಿನ ಲ್ಯಾಬ್ರಡಾರ್‌ಗಳಿಗೆ ಹೊರೆಯೇ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ಬೆಳೆಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಪಾಲು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಹೆಚ್ಚು ತಿಂದವು ಸುಮಾರು 11 ವರ್ಷ. ಕೀಲುನೋವಿಗೆ ಔಷಧ ಬೇಕಾದದ್ದೂ ತೆಳ್ಳಗಿದ್ದವುಗಳಿಗೆ ತಡವಾಗಿ. ಪಕ್ಕೆಲುಬು ಬೆರಳಿಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಕುಚ್ಚಲಕ್ಕಿ ಅನ್ನವನ್ನು ಮೂರನೇ ಒಂದು ಪಾಲು ಇಳಿಸಿ, ಆ ಜಾಗಕ್ಕೆ ಬೇಯಿಸಿದ ಸೌತೆ, ಬೀನ್ಸ್, ಕುಂಬಳಕಾಯಿ ಹಾಕಿ. ಬೂತಾಯಿ ಅಥವಾ ಬಂಗುಡೆ ಮೀನನ್ನು ಮುಳ್ಳು ಬಿಡಿಸಿ, ಉಪ್ಪು ಖಾರ ಇಲ್ಲದೆ ಬೇಯಿಸಿ ಕೊಡಬಹುದು. ಅದರ ಎಣ್ಣೆಯ ಅಂಶ ಕೀಲಿಗೂ ಒಳ್ಳೆಯದು. ಮನೆಯ ಸಾರು ಬೇಡ, ನೀರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಒಣಮೀನೂ ಬೇಡ.

ನೆಲದ ಮಾತಿಗೆ ಬಂದರೆ, ಸೀಸರ್‌ನ ಕಷ್ಟದಲ್ಲಿ ಅರ್ಧದಷ್ಟು ಆ ಟೈಲ್ಸಿನದೇ ಇರಬಹುದು. ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ, ಜಾರದ ನಾರಿನ ಚಾಪೆಗಳನ್ನು ಸಾಲಾಗಿ ಹಾಸಿ. ಬರಿಯ ಗೋಣಿಚೀಲವನ್ನು ಟೈಲ್ಸಿನ ಮೇಲೆ ಹಾಸಿದರೆ ಅದೇ ಜಾರಿ ಇನ್ನಷ್ಟು ಅಪಾಯವಾಗುತ್ತದೆ. ಉಗುರನ್ನು ಮತ್ತು ಅಂಗಾಲಿನ ನಡುವಿನ ಕೂದಲನ್ನು ಕತ್ತರಿಸಿ. ಜಗಲಿಯ ಮೆಟ್ಟಿಲಿನ ಪಕ್ಕ ಒಂದು ಹಲಗೆಯ ಇಳಿಜಾರು ಮಾಡಿಸಿ, ಅದಕ್ಕೂ ಚಾಪೆ ಹೊಡೆಸಿ. ಏಳಲಾಗದ ಬೆಳಿಗ್ಗೆಗಳಲ್ಲಿ ಹಳೆಯ ಬೈರಾಸನ್ನು (ಟವೆಲ್) ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ ಎರಡೂ ತುದಿ ಹಿಡಿದು ಮೆಲ್ಲಗೆ ಎತ್ತಿದರೆ ಅದು ತಾನಾಗಿ ಹೆಜ್ಜೆ ಹಾಕುತ್ತದೆ. ದಿನಕ್ಕೊಮ್ಮೆ ದೂರ ನಡೆಸುವುದಕ್ಕಿಂತ ನಾಲ್ಕು ಸಲ ಐದೈದು ನಿಮಿಷ ನಡೆಸುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ಹದಿಮೂರು ವರ್ಷದ ಪೊಮೇರಿಯನ್. ಮೂರು ವಾರದಿಂದ ರಾತ್ರಿ ಕೆಮ್ಮು. ಮಳೆಯ ಶೀತ ಎಂದು ಅತ್ತೆಯವರು ಜೇನುತುಪ್ಪ ನೆಕ್ಕಿಸುತ್ತಿದ್ದಾರೆ. ಹಗಲು ಆರಾಮವಾಗಿಯೇ ಇರುತ್ತದೆ. (ಗೃಹಿಣಿ, ಬಿಜೈ, ಮಂಗಳೂರು)

ಉತ್ತರ: ನಿಮ್ಮ ಅತ್ತೆಯವರ ಅಕ್ಕರೆ ದೊಡ್ಡದು, ಆದರೆ ಈ ವಯಸ್ಸಿನ ಸಣ್ಣ ಜಾತಿಯ ನಾಯಿಯಲ್ಲಿ ಮೂರು ವಾರದ ಕೆಮ್ಮನ್ನು ಶೀತವೆಂದು ಕಾಯುವಂತಿಲ್ಲ. ಇವುಗಳಲ್ಲಿ ಹೃದಯದ ಎಡಭಾಗದ ಕವಾಟ ದಪ್ಪವಾಗಿ, ಮುಚ್ಚಿಕೊಳ್ಳದೆ, ರಕ್ತ ಹಿಂದಕ್ಕೆ ಸೋರುವುದು ಬಹಳ ಸಾಮಾನ್ಯ. ಶ್ವಾಸನಾಳವೇ ಸಡಿಲವಾಗಿ ಚಪ್ಪಟೆಯಾಗುವುದೂ ಪೊಮೇರಿಯನ್‌ಗಳಲ್ಲಿ ಉಂಟು. ಆಗ ಕೆಮ್ಮು ಬಾತುಕೋಳಿಯ ಕೂಗಿನಂತೆ ಕೇಳಿಸುತ್ತದೆ. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಎದೆಯ ಎಕ್ಸ್‌ರೇ ಮತ್ತು ಸಾಧ್ಯವಿದ್ದರೆ ಹೃದಯದ ಸ್ಕ್ಯಾನ್ ಆಗಲೇಬೇಕು.

ಈ ರಾತ್ರಿಯೇ ನೀವು ಮಾಡಬಹುದಾದ ಒಂದು ಪರೀಕ್ಷೆ ಇದೆ. ನಾಯಿ ಗಾಢವಾಗಿ ನಿದ್ರಿಸುತ್ತಿರುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. ಅದು 30ರ ಒಳಗೆ ಇರಬೇಕು. ಪ್ರತಿದಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಮೂರು ದಿನ ಸತತವಾಗಿ 30 ದಾಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸಂಶಯ ಪಡಬೇಕು. ನಾಲಿಗೆ ನೀಲಿಯಾದರೆ, ಕತ್ತು ಚಾಚಿ ಕುಳಿತು ಮಲಗಲೊಲ್ಲದಿದ್ದರೆ, ಬೆಳಗಾಗುವವರೆಗೂ ಕಾಯಬೇಡಿ. ಕವಾಟದ ಕಾಯಿಲೆಯನ್ನು ಪೂರ್ತಿ ಗುಣಪಡಿಸಲಾಗದಿದ್ದರೂ ಪಿಮೊಬೆಂಡನ್‌ನಂತಹ ಔಷಧಗಳಿಂದ ಅನೇಕ ನಾಯಿಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಹಾಯಾಗಿ ಬದುಕುತ್ತವೆ.

ಪ್ರಶ್ನೆ: ಹನ್ನೊಂದು ವರ್ಷದ ಹೆಣ್ಣು ಊರ ನಾಯಿ, ಸಂತಾನಹರಣ ಮಾಡಿಸಿಲ್ಲ. ಹದಿನೈದು ದಿನದಿಂದ ವಿಪರೀತ ನೀರು ಕುಡಿದು ಒಳಗೇ ಮೂತ್ರ ಮಾಡುತ್ತಿದೆ. ರಾತ್ರಿ ನೀರಿನ ಪಾತ್ರೆ ತೆಗೆದಿಡುತ್ತಿದ್ದೇವೆ, ಇದು ಸರಿಯೇ? (ಕೃಷಿಕರು, ಬ್ರಹ್ಮಾವರ)

ಉತ್ತರ: ಈ ಸಂಚಿಕೆ ಕೈಸೇರುವವರೆಗೆ ಕಾಯುವಂತಿರಲಿಲ್ಲವಾದ್ದರಿಂದ ನಿಮಗೆ ಬೇರೆಯಾಗಿ ಉತ್ತರಿಸಿದ್ದೇನೆ, ಇಲ್ಲಿ ಬರೆಯುತ್ತಿರುವುದು ಇತರ ಓದುಗರಿಗಾಗಿ. ನೀರಿನ ಪಾತ್ರೆಯನ್ನು ಎಂದೂ ತೆಗೆದಿಡಬೇಡಿ. ಮೂತ್ರಪಿಂಡ ಸೋತಿರುವ ನಾಯಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಅದು ಕುಡಿಯುತ್ತದೆ. ನೀರು ತಡೆದರೆ ಒಂದೆರಡು ದಿನದಲ್ಲೇ ಸ್ಥಿತಿ ಕೈಮೀರಬಹುದು. ಸಕ್ಕರೆ ಕಾಯಿಲೆಯಲ್ಲೂ ಹೀಗೆಯೇ ಬಾಯಾರಿಕೆ ಹೆಚ್ಚುತ್ತದೆ. ಸಂತಾನಹರಣ ಆಗದ ಹೆಣ್ಣು ನಾಯಿಗಳಲ್ಲಿ, ಬೆದೆಗೆ ಬಂದು ಕೆಲವು ವಾರಗಳಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೊಂದಿದೆ. ಊಟ ಬಿಡುವುದು, ಬಾಯಾರಿಕೆ, ಹೊಟ್ಟೆ ಉಬ್ಬುವುದು, ಕೆಲವೊಮ್ಮೆ ವಾಸನೆಯ ಸ್ರಾವ ಅದರ ಲಕ್ಷಣ. ಸ್ರಾವ ಕಾಣದಿದ್ದರೆ ಅಪಾಯ ಕಡಿಮೆ ಎಂದಲ್ಲ, ಹೆಚ್ಚು. ಬಾಯಿ ಮುಚ್ಚಿದ ಗರ್ಭಕೋಶ ಒಳಗೇ ಒಡೆಯಬಹುದು. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ತಡಮಾಡದೆ ಆದರೆ ಹನ್ನೊಂದು ವರ್ಷದ ನಾಯಿಯೂ ಬದುಕುತ್ತದೆ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆ ಇಲಿಜ್ವರವನ್ನೂ ಮರೆಯಬಾರದು. ಇಲಿಯ ಮೂತ್ರ ಬೆರೆತ ಗದ್ದೆಯ, ತೋಡಿನ ನೀರಿನಿಂದ ನಾಯಿಗೆ ಬರುತ್ತದೆ, ಅದರ ಮೂತ್ರದಿಂದ ಮನೆಯವರಿಗೂ ಬರಬಹುದು. ಅದರ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕು. ‘ಮುದಿಯಾಯಿತು, ಇನ್ನು ಲಸಿಕೆ ಯಾಕೆ’ ಎಂದು ನಿಲ್ಲಿಸುವವರು ಬಹಳ.

ಪ್ರಶ್ನೆ: ಹದಿನಾಲ್ಕು ವರ್ಷದ ನಮ್ಮ ಬೊಳ್ಳು ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಯ ಮೂಲೆಗೆ ಮುಖಮಾಡಿ ನಿಂತು ಊಳಿಡುತ್ತದೆ. ಕರೆದರೆ ತಿರುಗುವುದಿಲ್ಲ. ನೆರೆಯವರಿಗೆ ನಿದ್ದೆಯಿಲ್ಲ. ಅಪಶಕುನ, ದೂರ ಎಲ್ಲಾದರೂ ಬಿಟ್ಟು ಬನ್ನಿ ಎಂದು ದೊಡ್ಡಪ್ಪ ಒತ್ತಾಯಿಸುತ್ತಾರೆ. ನನಗೆ ಮನಸ್ಸಿಲ್ಲ. (ಕಾಲೇಜು ವಿದ್ಯಾರ್ಥಿನಿ, ಉಳ್ಳಾಲ)

ಉತ್ತರ: ನಿಮ್ಮ ಮನಸ್ಸು ಸರಿಯಾದುದನ್ನೇ ಹೇಳುತ್ತಿದೆ. ನರಳುವ ಸ್ಥಿತಿಗೆ ಬರುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ತನ್ನ ಮನೆಯಲ್ಲೇ ದಾರಿ ತಪ್ಪುತ್ತಿರುವ ಬೊಳ್ಳು ಮೀನು ಮಾರುಕಟ್ಟೆಯ ಬೀದಿನಾಯಿಗಳ ನಡುವೆ ಒಂದು ದಿನವೂ ಬದುಕಲಾರದು. ದೊಡ್ಡಪ್ಪನವರಿಗೆ ಇದನ್ನು ಜಗಳವಾಡದೆ ಹೇಳಿ. ಮನೆಯ ಹಿರಿಯರಲ್ಲಿ ಮರೆವಿನ ಕಾಯಿಲೆಯನ್ನು ಅವರು ಕಂಡಿರಬಹುದು. ನಾಯಿಯ ಮಿದುಳಿಗೂ ಬಹುಮಟ್ಟಿಗೆ ಅಂಥದೇ ಕಾಯಿಲೆ ಬರುತ್ತದೆ ಎಂದರೆ ಅವರಿಗೆ ಅರ್ಥವಾದೀತು.

ಹಗಲು ನಿದ್ದೆ ರಾತ್ರಿ ಅಲೆದಾಟ, ಮೂಲೆಯಲ್ಲಿ ಸಿಕ್ಕಿಬಿದ್ದು ಹಿಂದೆ ಸರಿಯಲು ತಿಳಿಯದಿರುವುದು, ಬಾಗಿಲಿನ ತಿರುಗಣೆಯ ಕಡೆಗೆ ಹೋಗಿ ನಿಲ್ಲುವುದು, ಪರಿಚಿತರನ್ನು ಗುರುತಿಸದಿರುವುದು, ಕಲಿತ ಶೌಚದ ಅಭ್ಯಾಸ ತಪ್ಪುವುದು ಈ ಕಾಯಿಲೆಯ ಲಕ್ಷಣಗಳು. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಮೂರು ವಿಷಯ ನೋಡಬೇಕು. ಕರೆದರೆ ತಿರುಗದಿರುವುದು ಕಿವುಡಿನಿಂದಲೂ ಇರಬಹುದು: ಹಿಂದಿನಿಂದ, ಅದಕ್ಕೆ ಕಾಣದಂತೆ, ಚಪ್ಪಾಳೆ ತಟ್ಟಿ ನೋಡಿ. ಕಣ್ಣು ಮಂಜಾಗಿದ್ದರೆ ಅದು ಪೊರೆಯೇ ಎಂದು ವೈದ್ಯರಿಂದ ತಿಳಿಯಿರಿ. ಏಳೆಂಟು ವರ್ಷ ದಾಟಿದ ನಾಯಿಗಳ ಕಣ್ಣಿನಲ್ಲಿ ಕಾಣುವ ನೀಲಿ ಛಾಯೆ ಎಷ್ಟೋ ಸಲ ಮಸೂರ ಗಟ್ಟಿಯಾದದ್ದಷ್ಟೇ, ದೃಷ್ಟಿಗೆ ಹೆಚ್ಚು ತೊಂದರೆ ಮಾಡುವುದಿಲ್ಲ. ಮೂರನೆಯದು ನೋವು. ಹಗಲಿನ ಗದ್ದಲದಲ್ಲಿ ಮರೆತ ಕೀಲುನೋವು, ಹಲ್ಲುನೋವು ರಾತ್ರಿ ಎಬ್ಬಿಸುತ್ತದೆ. ಈ ವಯಸ್ಸಿನ ಬೊಳ್ಳುವಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಇದ್ದರೆ ಆಶ್ಚರ್ಯವಿಲ್ಲ.

ಮಿದುಳಿನ ಕಾಯಿಲೆಯೇ ಆಗಿದ್ದರೆ ಸೆಲೆಜಿಲಿನ್ ಎಂಬ ಔಷಧವಿದೆ. ಕೆಲವು ನಾಯಿಗಳಿಗೆ ಚೆನ್ನಾಗಿ ಒಗ್ಗುತ್ತದೆ, ಕೆಲವಕ್ಕೆ ಇಲ್ಲ, ತಿಳಿಯಲು ಒಂದೆರಡು ತಿಂಗಳು ಬೇಕು. ಮನೆಯಲ್ಲಿ ಮಾಡುವ ವ್ಯವಸ್ಥೆಯೂ ಅಷ್ಟೇ ಮುಖ್ಯ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಕುರ್ಚಿ ಮೇಜುಗಳ ಜಾಗ ಬದಲಿಸಬೇಡಿ. ಸಂಜೆ ಹಗುರವಾಗಿ ನಡೆಸಿ, ರಾತ್ರಿ ಮಲಗುವ ಮುನ್ನ ಮೂತ್ರಕ್ಕೆ ಹೊರಗೆ ಬಿಡಿ. ಸಾಧ್ಯವಾದರೆ ಯಾರಾದರೂ ಅದರ ಹತ್ತಿರ ಮಲಗಿ. ಎಚ್ಚರವಾದಾಗ ಪರಿಚಿತ ವಾಸನೆ ಸಿಕ್ಕಿದರೆ ಎಷ್ಟೋ ನಾಯಿಗಳು ಊಳಿಡದೆ ಮತ್ತೆ ಮಲಗುತ್ತವೆ. ಮುಟ್ಟುವ ಮೊದಲು ನೆಲವನ್ನು ಪಾದದಿಂದ ತಟ್ಟಿ, ಕಿವಿ ಕೇಳದಿದ್ದರೂ ಆ ಕಂಪನ ತಿಳಿಯುತ್ತದೆ. ನೆರೆಯವರ ಮನೆಗೆ ನೀವೇ ಹೋಗಿ, ಕಾಯಿಲೆ ಏನು, ಏನು ಮಾಡುತ್ತಿದ್ದೇವೆ ಎಂದು ಹೇಳಿ ಬನ್ನಿ.

ಪ್ರಶ್ನೆ: ಹದಿಮೂರು ವರ್ಷದ ನಮ್ಮ ಜ್ಯೂಲಿಗೆ ಸ್ತನದ ಗಡ್ಡೆ, ಈಗ ಶ್ವಾಸಕೋಶಕ್ಕೂ ಹರಡಿದೆ. ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದಿದ್ದಾರೆ. ದಯಾಮರಣದ ಮಾತು ಬಂದಾಗ ಅಮ್ಮ ಅತ್ತುಬಿಟ್ಟರು. ಸಾಕಿದ ಕೈಯಲ್ಲೇ ಕೊಲ್ಲುವುದು ಪಾಪ ಎನ್ನುತ್ತಾರೆ. ಎಂಟು ವರ್ಷದ ಮಗನಿಗೆ ಏನು ಹೇಳಲಿ? ಯಾವಾಗ ಎಂದು ಹೇಗೆ ತಿಳಿಯುವುದು? ಮನೆಯಲ್ಲಿ ಇನ್ನೊಂದು ನಾಯಿಯೂ ಇದೆ. (ಶಿಕ್ಷಕಿ, ಮಣಿಪಾಲ)

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನಿಮ್ಮ ತಾಯಿಯವರ ಮಾತನ್ನು ತಳ್ಳಿಹಾಕುವವನು ನಾನಲ್ಲ. ಸಹಜ ಸಾವಿಗೆ ಕಾಯುವುದು ಅವರ ನಂಬಿಕೆಯಾದರೆ, ಆ ಕಾಯುವಿಕೆಯಲ್ಲಿ ಜ್ಯೂಲಿ ನೋವಿನಲ್ಲಿ ಇರಬಾರದು ಎಂಬುದೊಂದನ್ನು ಮಾತ್ರ ಅವರೂ ಒಪ್ಪಲಿ. ನೋವಿನ ಔಷಧವನ್ನು ಹೊತ್ತು ತಪ್ಪದೆ ಕೊಡಿ, ಮಗ್ಗುಲು ಬದಲಿಸಿ, ಶುಚಿಯಾಗಿಡಿ. ಶ್ವಾಸಕೋಶಕ್ಕೆ ಹರಡಿದ ಗಡ್ಡೆಯಲ್ಲಿ ಸಹಜ ಸಾವು ಎಂದರೆ ಅನೇಕ ಸಲ ಗಾಳಿಗಾಗಿ ಒದ್ದಾಡುವ ಸಾವು ಎಂಬುದನ್ನೂ ನಾನು ಮುಚ್ಚಿಡಬಾರದು. ಅಂಥ ರಾತ್ರಿಗಳನ್ನು ಕಂಡವನಾಗಿ ನನ್ನ ಅಭಿಪ್ರಾಯ ಇಷ್ಟು: ಉಸಿರಾಟ ಕಷ್ಟವಾದ ಮೇಲೆ ಕಾಯುವುದು ಜ್ಯೂಲಿಗಾಗಿ ಅಲ್ಲ.

ಯಾವಾಗ ಎಂಬುದಕ್ಕೆ, ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲಲೋಬೋಸ್ ಅವರು 2004ರಲ್ಲಿ ಮುಂದಿಟ್ಟ ಒಂದು ಅಳತೆ ನೆರವಾಗುತ್ತದೆ. ನೋವು ಮತ್ತು ಉಸಿರಾಟ, ಹಸಿವು, ಮೈಯ ನೀರಿನಂಶ, ಶುಚಿತ್ವ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳಕ್ಕೆ ಹತ್ತರಲ್ಲಿ ಅಂಕ ಕೊಡಬೇಕು. ಹೆಚ್ಚು ಅಂಕ ಎಂದರೆ ಉತ್ತಮ ಸ್ಥಿತಿ. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ನೀವು ಮತ್ತು ತಾಯಿಯವರು ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ, ವಾರಕ್ಕೆರಡು ಸಲ ಅಂಕ ಬರೆದು ಆಮೇಲೆ ಹೋಲಿಸಿ. ಹೀಗೆ ಮಾಡಿದ ಕುಟುಂಬಗಳಲ್ಲಿ ವಾದ ತಾನಾಗಿ ತಣ್ಣಗಾದುದನ್ನು ಕಂಡಿದ್ದೇನೆ, ಏಕೆಂದರೆ ಬರೆಯಲು ಕುಳಿತಾಗ ಇಬ್ಬರೂ ನಾಯಿಯನ್ನೇ ನೋಡಬೇಕಾಗುತ್ತದೆ.

ಆ ದಿನ ಬಂದರೆ ಏನಾಗುತ್ತದೆ ಎಂದು ಮೊದಲೇ ತಿಳಿದಿರಲಿ. ಮೊದಲು ಮಂಪರು ಬರುವ ಚುಚ್ಚುಮದ್ದು, ಅದು ಮಲಗಿದ ಮೇಲೆ ರಕ್ತನಾಳದಲ್ಲಿ ಅರಿವಳಿಕೆಯ ಔಷಧ ಹೆಚ್ಚಿನ ಪ್ರಮಾಣದಲ್ಲಿ. ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಲವು ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಆಮೇಲೆ ಒಂದೆರಡು ಸಲ ಮೈ ಅದುರಬಹುದು, ಮೂತ್ರ ಹೋಗಬಹುದು. ಅದು ನೋವಲ್ಲ. ಮನೆಗೆ ಬರಲು ಒಪ್ಪುವ ವೈದ್ಯರಿದ್ದರೆ ಜ್ಯೂಲಿಯ ಚಾಪೆಯ ಮೇಲೆಯೇ ಆಗಲಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಅದರ ತಲೆಯ ಹತ್ತಿರ ಕುಳಿತಿರಿ.

ಮಗನಿಗೆ ‘ಮಲಗಿದೆ’ ಎಂದಾಗಲಿ ‘ತೋಟದ ಮನೆಗೆ ಕಳುಹಿಸಿದೆವು’ ಎಂದಾಗಲಿ ಹೇಳಬೇಡಿ. ಮೊದಲನೆಯದರಿಂದ ಮಕ್ಕಳು ನಿದ್ದೆಗೆ ಹೆದರುತ್ತಾರೆ, ಎರಡನೆಯದರಿಂದ ವರ್ಷಗಟ್ಟಲೆ ಕಾಯುತ್ತಾರೆ. ಕಾಯಿಲೆ ಗುಣವಾಗದು, ಜ್ಯೂಲಿ ಸಾಯುತ್ತದೆ, ಅದಕ್ಕೆ ನೋವಾಗದಂತೆ ನೋಡಿಕೊಳ್ಳುತ್ತೇವೆ ಎಂದು ಈಗಲೇ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರಿಸಿ. ಇನ್ನೊಂದು ನಾಯಿಗೂ ಜ್ಯೂಲಿಯನ್ನು ಮೂಸಿ ನೋಡಲು ಬಿಡಿ. ನೋಡಿದವು ಹುಡುಕುತ್ತಾ ಅಲೆಯುವುದು ಕಡಿಮೆ ಎಂಬುದು ನನ್ನ ಅನುಭವ.

ಹಿತ್ತಲಲ್ಲಿ ಹೂಳುವುದಾದರೆ ಬಾವಿಯಿಂದ ದೂರ, ಎತ್ತರದ ಜಾಗ ಆರಿಸಿ. ಮಳೆಗಾಲದಲ್ಲಿ ತಗ್ಗಿನ ಗುಂಡಿಗೆ ಒರತೆಯ ನೀರು ಏಳುತ್ತದೆ. ನಾಲ್ಕು ಅಡಿಯಾದರೂ ಆಳವಿರಲಿ, ಏಕೆಂದರೆ ಆ ಅರಿವಳಿಕೆಯ ಔಷಧ ದೇಹದಲ್ಲಿ ಉಳಿದು, ಅಗೆದು ತಿನ್ನುವ ಪ್ರಾಣಿಗಳಿಗೆ ವಿಷವಾಗುತ್ತದೆ. ಪ್ಲಾಸ್ಟಿಕ್ ಬೇಡ, ಹತ್ತಿಯ ಬಟ್ಟೆ ಸಾಕು. ಮೇಲೆ ಮಣ್ಣು ತುಳಿದು ಒಂದೆರಡು ಮುರಕಲ್ಲು ಇಡಿ. ತುಳುವರ ಆಟಿ ತಿಂಗಳ ಮಳೆಗೆ ಮಣ್ಣು ಕುಸಿಯುತ್ತದೆ. ಹದಿನೈದು ದಿನ ಕಳೆದು ಮತ್ತೆ ಎರಡು ಬುಟ್ಟಿ ಮಣ್ಣು ಹಾಕಬೇಕಾಗುತ್ತದೆ. ಆ ಕೆಲಸಕ್ಕೆ ಮಗನನ್ನೂ ಕರೆದುಕೊಳ್ಳಿ.